ಪದಚರ್ಚೆ: ಸಿಗ್ನೇಚರ್ ಟ್ಯೂನ್, ಥೀಮ್ ಮ್ಯೂಸಿಕ್, ಜಿಂಗಲ್ – ಮೂರಕ್ಕೂ ಒಂದೇ ಪದ ಸಾಕೆ?

ಪ್ರಶ್ನೆ (ಬಸವನಗುಡಿ)

ಹಳೆಯ ಬಾನುಲಿ ಧ್ವನಿಮುದ್ರಣಗಳಿಗೆ ಕನ್ನಡದಲ್ಲೇ ಒಂದು ಸೂಚಿ ಸಿದ್ಧವಾಗುತ್ತಿದೆ. ಕಾಲಿಂಚಿನ ಸ್ಪೂಲ್ ಟೇಪುಗಳೂ ಇವೆ, ಮನೆಯ ರೇಡಿಯೊದಿಂದ ಇಳಿಸಿಕೊಂಡ ಕ್ಯಾಸೆಟ್ಟುಗಳೂ ಇವೆ. ಒಂದೇ ಬಗೆಯ ತುಣುಕಿಗೆ ಡಬ್ಬಿಗಳ ಮೇಲೆ ‘ಸಿಗ್. ಟ್ಯೂನ್’, ‘ಸಂಕೇತ ಧುನ್’, ‘ಶೀರ್ಷಿಕೆ ಸಂಗೀತ’, ‘ಮುದ್ರೆ’, ಬರಿಯ ‘ಮ್ಯೂಸಿಕ್’ ಎಂದೆಲ್ಲ ಬರೆದಿದೆ. ಸೋಪಿನ ಹಾಡೂ ‘ಜಿಂಗಲ್’, ನಿಲಯದ ಹೆಸರನ್ನು ಹಾಡಿಸಿದ್ದೂ ‘ಜಿಂಗಲ್’. ಎಲ್ಲಕ್ಕೂ ‘ಸಂಕೇತ ಸಂಗೀತ’ ಎಂದು ಹಾಕಿದರೆ ನಡೆದೀತೆ? ‘ಬಾನುಲಿ’ಯ ಜಾಡಿನಲ್ಲಿ ‘ಗುರುತುಲಿ’ ಎಂಬ ಪದವನ್ನೂ ಒಬ್ಬರು ಸೂಚಿಸಿದ್ದಾರೆ. ಅದು ಹೇಗೆ?

ಉತ್ತರ (ಮಲ್ಲೇಶ್ವರ)

ಒಂದೇ ಪದ ಸಾಲದು, ಆರೂ ಬೇಡ. ತುಣುಕು ಎಷ್ಟು ಉದ್ದ, ಅದರಲ್ಲಿ ಹಾಡಿದೆಯೇ ಇಲ್ಲವೇ ಎಂಬುದರಿಂದ ಶುರು ಮಾಡಿದರೆ ವಿಂಗಡಣೆ ಅಲ್ಲೇ ಹಳಿ ತಪ್ಪುತ್ತದೆ. ಅದು ಯಾರ ಗುರುತು ಹೇಳುತ್ತಿದೆ ಎಂದು ಮೊದಲು ನೋಡಿ. ನಿಲಯದ್ದೋ, ಕಾರ್ಯಕ್ರಮದ್ದೋ, ಸರಕಿನದೋ, ಗಂಟೆಯದೋ? ಉದ್ದ, ಹಾಡು, ವಾದ್ಯ ಇವೆಲ್ಲ ಪಕ್ಕದ ಕಾಲಮ್ಮಿಗೆ ಹೋಗಲಿ.

ನಿಲಯದ್ದು ಎಂದೊಡನೆ ಎಲ್ಲರ ಕಿವಿಗೂ ಬರುವುದು ಆಕಾಶವಾಣಿಯ ಬೆಳಗಿನ ಆ ರಾಗ, ತಂಬೂರಿಯ ಶ್ರುತಿಯ ಮೇಲೆ ಹರಿಯುವ ಪಿಟೀಲು. 1934ರಲ್ಲಿ ಮುಂಬಯಿಗೆ ವಲಸೆ ಬಂದು ಅಲ್ಲಿನ ಬಾನುಲಿಯ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡಿದ್ದ ವಾಲ್ಟರ್ ಕೌಫ್‌ಮನ್ ಅದರ ಸಂಯೋಜಕ. ನಮ್ಮಲ್ಲಿ ಅದಕ್ಕೆ ‘ಸಿಗ್ನೇಚರ್ ಟ್ಯೂನ್’ ಎಂಬ ಹೆಸರು ಅಂಟಿಕೊಂಡಿದೆ. ಆದರೆ ಶಾರ್ಟ್‌ವೇವ್‌ನಲ್ಲಿ ದೂರದ ನಿಲಯಗಳನ್ನು ಬೆನ್ನಟ್ಟುವವರು ಇಂಥದನ್ನು ‘ಇಂಟರ್ವಲ್ ಸಿಗ್ನಲ್’ ಎನ್ನುತ್ತಾರೆ, ಕೆಲಸದ ದೃಷ್ಟಿಯಿಂದ ಅದೇ ಸರಿ. ವಾಲ್ವ್ ರೇಡಿಯೊ ಬಿಸಿಯಾಗಿ ದನಿ ಹೊರಡಲು ಸುಮಾರು ಅರ್ಧ ನಿಮಿಷ ಬೇಕಿತ್ತು, ಮುಳ್ಳನ್ನು ಸರಿಯಾದ ಜಾಗಕ್ಕೆ ಕೂಡಿಸಲು ಇನ್ನಷ್ಟು. ಅಷ್ಟು ಹೊತ್ತು ಒಂದೇ ರಾಗ ಮತ್ತೆ ಮತ್ತೆ ಬರುತ್ತಿದ್ದರೆ ಕೇಳುಗನಿಗೆ ತಾನು ಸೇರಬೇಕಾದ ಕಡೆ ಸೇರಿದ್ದು ಖಾತ್ರಿ. ಬಿಬಿಸಿ ಇದಕ್ಕೆ ಲಂಡನ್ನಿನ ಬೋ ಚರ್ಚಿನ ಗಂಟೆಗಳನ್ನು ಬಳಸಿತು. ಅಮೆರಿಕದ ಎನ್‌ಬಿಸಿಯ ಜಿ-ಇ-ಸಿ ಮೂರು ಸ್ವರದ ಗಂಟೆಯೂ ನಿಲಯ ಗುರುತೇ, ಮೂರೇ ಸ್ವರವಾದರೂ. ಈ ಬಗೆಗೆ ‘ನಿಲಯ ಸಂಕೇತ’ ಎಂದು ಹಾಕಿ. ‘ನಿಲಯ’ ಆಗಲೇ ಬಾನುಲಿಯ ಮಾತು, ಹೊಸದಾಗಿ ಕಲಿಸಬೇಕಿಲ್ಲ.

ಆಕಾಶವಾಣಿಯ ಆ ರಾಗದ ಹೆಸರಿನ ಕಾಲಮ್ಮಿನಲ್ಲಿ ‘ಶಿವರಂಜನಿ’ ಎಂದು ಕಣ್ಣು ಮುಚ್ಚಿ ಬರೆಯಬೇಡಿ. ‘ಶಿವರಂಜನಿ ಛಾಯೆ’ ಎಂದರೆ ಸಾಕು. ಪಾಶ್ಚಾತ್ಯ ತಂತಿವಾದ್ಯಗಳಿಗೆ ಬರೆದದ್ದನ್ನು ನಮ್ಮ ಆರೋಹಣ-ಅವರೋಹಣದ ಕಟಕಟೆಯಲ್ಲಿ ನಿಲ್ಲಿಸುವುದು ಸೂಚಿಕಾರನ ಕೆಲಸವಲ್ಲ.

ಡಬ್ಬಿಯ ಮೇಲಿನ ಉಳಿದ ಪದಗಳು. ‘ಮುದ್ರೆ’ ಅರ್ಥಕ್ಕೆ ಚೆನ್ನ, ಸೂಚಿಗೆ ಅಪಾಯ: ‘ಧ್ವನಿಮುದ್ರೆ’, ‘ಧ್ವನಿಮುದ್ರಣ’, ‘ಧ್ವನಿಮುದ್ರಿಕೆ’ ಒಂದೇ ಪುಟದಲ್ಲಿ ಬಂದರೆ ಬೆರಳಚ್ಚು ಮಾಡುವವರು ಮೂರನ್ನೂ ಕಲಸುತ್ತಾರೆ, ಹುಡುಕಿದಾಗ ಸಾವಿರ ಫಲಿತಾಂಶ ಸುರಿಯುತ್ತದೆ. ‘ಸಂಕೇತ ಧುನ್’ ಹಿಂದಿಯಿಂದ ಹಾಗೇ ಇಳಿದದ್ದು. ಧಾರವಾಡದ ಕಡೆ ‘ಧುನ್’ ಎಂದರೆ ಸಿತಾರ್, ಕೊಳಲಿನ ಕಛೇರಿಯ ಕೊನೆಗೆ ನುಡಿಸುವ ಹಗುರ ಕೃತಿ, ಅಲ್ಲಿ ಗೊಂದಲವಾಗುತ್ತದೆ. ‘ಸಿಗ್ನೇಚರ್’ಗೆ ದಾಸಸಾಹಿತ್ಯದ ‘ಅಂಕಿತ’ ಹೊಂದುತ್ತದೆ ಎನ್ನುವವರಿದ್ದಾರೆ. ಅಂಕಿತ ಬರುವುದು ಹಾಡಿನ ಕೊನೆಯಲ್ಲಿ, ಹೇಳುವುದು ಯಾರು ರಚಿಸಿದರು ಎಂದು. ಬಾನುಲಿಯ ಸಂಕೇತ ಮೊದಲಲ್ಲೇ ಬರುತ್ತದೆ, ರಚಿಸಿದವರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಯಕ್ಷಗಾನದ ‘ಕೇಳಿ’ ಇದಕ್ಕಿಂತ ಹತ್ತಿರದ್ದು. ಇವತ್ತು ಇಲ್ಲಿ ಆಟವಿದೆ ಎಂದು ಊರಿಗೆ ಸಾರಲು ಚಂಡೆ-ಮದ್ದಳೆ ಬಡಿಯುವುದು ಹೆಚ್ಚುಕಡಿಮೆ ಇಂಟರ್ವಲ್ ಸಿಗ್ನಲ್ಲಿನದೇ ಕೆಲಸ. ಆದರೆ ಸೂಚಿಯಲ್ಲಿ ಬರಿಯ ‘ಕೇಳಿ’ ಎಂದಿದ್ದರೆ ಓದಿದವರು ಅದನ್ನು ಅಪ್ಪಣೆ ಎಂದುಕೊಂಡಾರು.

‘ಗುರುತುಲಿ’ ವ್ಯಾಕರಣಕ್ಕೆ ಸರಿ, ಲೋಪಸಂಧಿ. ಬಾಯಲ್ಲಿ ಮಾತ್ರ ‘ಗುರು-ತುಲಿ’ ಎಂದು ಒಡೆಯುತ್ತದೆ. ಅದಕ್ಕೆ ನನ್ನ ಮತ ಇಲ್ಲ.

ಕಾರ್ಯಕ್ರಮದ ಗುರುತಿಗೆ, ಅಂದರೆ ಥೀಮ್ ಮ್ಯೂಸಿಕ್‌ಗೆ, ‘ಶೀರ್ಷಿಕೆ ಸಂಗೀತ’ ಗಟ್ಟಿಯಾಗಿದೆ. ‘ಶೀರ್ಷಿಕೆ ಗೀತೆ’ ಎಂದು ಬರೆಯುವುದು ಸಾಹಿತ್ಯವಿದ್ದರೆ ಮಾತ್ರ. ಧಾರಾವಾಹಿಗಳ ದೆಸೆಯಿಂದ ಈಗ ಎಲ್ಲವೂ ‘ಗೀತೆ’ ಆಗಿಬಿಟ್ಟಿದೆ, ಸುಮ್ಮನೆ ಕೊಳಲು ನುಡಿದರೂ ಗೀತೆ. ಒಂದೇ ಶೀರ್ಷಿಕೆ ಸಂಗೀತ ಟೇಪಿನಲ್ಲಿ ಮೂರು ರೂಪದಲ್ಲಿ ಸಿಗುತ್ತದೆ ಎಂಬುದನ್ನೂ ಗಮನಿಸಿ. ಮೊದಲಿಗೆ ಹತ್ತಿಪ್ಪತ್ತು ಸೆಕೆಂಡ್ ತುಂಬು ದನಿಯಲ್ಲಿ ಬರುವುದು ‘ಆರಂಭ’. ಉದ್ಘೋಷಕರ ಮಾತಿನಡಿ 12ರಿಂದ 15 ಡೆಸಿಬೆಲ್ ಇಳಿಸಿ ಓಡಿಸುವುದು ‘ಬೆಡ್’. ಮುಗಿಸುವಾಗ ಮತ್ತೆ ಏರುವುದು ‘ಮುಕ್ತಾಯ’. ‘ಬೆಡ್’ಗೆ ‘ಹಿನ್ನೆಲೆ ಸಂಗೀತ’ ಎಂದರೆ ಸಿನಿಮಾದ್ದು ನೆನಪಾಗುತ್ತದೆ. ಸ್ಟುಡಿಯೊದಲ್ಲಿ ಎಲ್ಲರೂ ಬೆಡ್ ಎನ್ನುವಾಗ ಬೇರೆ ಪದ ಹುಟ್ಟಿಸುವ ಅಗತ್ಯ ಕಾಣೆ. ‘ಸ್ಟಿಂಗ್’ (ಥಟ್ಟನೆ ಬಂದು ಹೋಗುವ ಪುಟ್ಟ ತುಣುಕು), ‘ಫಿಲ್ಲರ್’ (ಖಾಲಿ ಹೊತ್ತು ತುಂಬುವ ಸಂಗೀತ) ಕೂಡ ಹಾಗೇ ಇರಲಿ.

ಗಂಟೆ ತಿಳಿಸುವ ಪುಟ್ಟ ಬೀಪ್ ಸದ್ದುಗಳಿಗೆ, ಅಂದರೆ ಪಿಪ್‌ಗಳಿಗೆ, ‘ಸಮಯ ಸಂಕೇತ’. ಬಿಬಿಸಿ 1924ರಲ್ಲಿ ಶುರು ಮಾಡಿದ ಆರು ಪಿಪ್‌ಗಳಲ್ಲಿ ಕೊನೆಯದು 1972ರಿಂದ ಉದ್ದವಾಯಿತು. ಗಂಟೆ ಆಗುವುದು ಆ ಉದ್ದದ ಪಿಪ್ ಶುರುವಾದ ಕ್ಷಣದಲ್ಲಿ, ಮುಗಿದಾಗ ಅಲ್ಲ. ಅಂಥ ಮುದ್ರಣಕ್ಕೆ ಸಮಯ ಗುರುತಿಸುವಾಗ ಅರ್ಧ ಸೆಕೆಂಡ್ ತಪ್ಪುವುದು ಇಲ್ಲೇ.

ಇನ್ನು ಜಿಂಗಲ್. ಅದನ್ನು ಜಿಂಗಲ್ ಎಂದೇ ಬರೆದು ಮುಂದೆ ಒಂದು ವಿಶೇಷಣ ಸೇರಿಸಿ: ‘ಜಾಹೀರಾತು ಜಿಂಗಲ್’, ‘ನಿಲಯ ಜಿಂಗಲ್’. ಎರಡನೆಯದು ಅಮೆರಿಕದಲ್ಲಿ ಕಾರ್ಖಾನೆಯ ಸರಕೇ ಆಗಿತ್ತು. ಡಲ್ಲಾಸ್‌ನ ಪ್ಯಾಮ್ಸ್ ಕಂಪನಿ 1951ರಿಂದ ಒಂದೇ ರಾಗ, ಒಂದೇ ವಾದ್ಯವೃಂದ ಇಟ್ಟುಕೊಂಡು ಊರೂರಿನ ನಿಲಯದ ಹೆಸರನ್ನು ಬೇರೆ ಬೇರೆಯಾಗಿ ಹಾಡಿಸಿ ಮಾರುತ್ತಿತ್ತು. ನಮ್ಮಲ್ಲಿ ನಿಲಯದ ಹೆಸರು ಹಾಡಿಸುವುದು ದಟ್ಟವಾದದ್ದು 2001ರಲ್ಲಿ ಬೆಂಗಳೂರಿನಲ್ಲೇ ಖಾಸಗಿ ಎಫ್‌ಎಂ ಶುರುವಾದ ಮೇಲೆ. ಅದಕ್ಕೆ ಮೊದಲಿನ ಕ್ಯಾಸೆಟ್ಟಿನಲ್ಲಿ ಬರಿಯ ‘ಜಿಂಗಲ್’ ಎಂದಿದ್ದರೆ ಜಾಹೀರಾತಿನದೆಂದೇ ಹಿಡಿದು, ಕೇಳಿ ಖಚಿತ ಮಾಡಿಕೊಳ್ಳಿ.

ಕಾಲ ಗುರುತಿಸಲು ಇನ್ನೊಂದು ಮಾತು. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನಲ್ಲಿ 1935ರಲ್ಲೇ ಎಂ.ವಿ. ಗೋಪಾಲಸ್ವಾಮಿಯವರ ನಿಲಯದ್ದಾಗಿತ್ತು. ಅದು ಬೆಂಗಳೂರಿಗೆ ಬಂದದ್ದು 1955ರ ನವೆಂಬರಿನಲ್ಲಿ. ‘ಆಕಾಶವಾಣಿ ಬೆಂಗಳೂರು’ ಎಂದು ಕೇಳಿಸಿದರೆ ಅದಕ್ಕಿಂತ ಹಿಂದಿನ ವರ್ಷ ಹಾಕುವಂತಿಲ್ಲ.

ಮತ್ತೊಂದು ಉತ್ತರ (ಜಯನಗರ)

ಹೆಸರು ಬದಲಿಸಿ ಹಾಡಿಸುವ ವಿಚಾರ ಬಂತು. ಕನ್ನಡದಲ್ಲಿ ಅದು ಛಂದಸ್ಸಿನ ಲೆಕ್ಕ. ‘ಆಕಾಶವಾಣಿ’ ಎಂಟು ಮಾತ್ರೆ. ‘ಬೆಂಗಳೂರು’ ಗುರು-ಲಘು-ಗುರು-ಲಘು, ಆರು. ಒಂದು ಮಾತ್ರೆಗೆ ಕಾಲು ಸೆಕೆಂಡ್ ಕೊಟ್ಟರೆ ಎರಡೂ ಸೇರಿ ಮೂರೂವರೆ ಸೆಕೆಂಡ್. ‘ಧಾರವಾಡ’, ‘ಮಂಗಳೂರು’ ಇದೇ ಅಚ್ಚಿನವು, ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸಿದರೆ ತಾಳ ಅಲ್ಲಾಡುವುದಿಲ್ಲ. ‘ಭದ್ರಾವತಿ’ಯೂ ಆರೇ ಮಾತ್ರೆ, ಆದರೆ ಗುರು-ಗುರು-ಲಘು-ಲಘು. ಲೆಕ್ಕ ಸರಿ ಬಂದರೂ ಪೆಟ್ಟು ಬೇರೆ ಕಡೆ ಬಿದ್ದು ‘ಭದ್ರ’ ಒಂದು ಕಡೆ, ‘ಆವತಿ’ ಒಂದು ಕಡೆ ಎಂಬಂತೆ ಕೇಳುತ್ತದೆ. ‘ಮೈಸೂರು’ ಐದೇ. ಹಾಡುವವರು ಕೊನೆಯ ‘ರು’ವನ್ನು ಎಳೆದು ‘ಮೈಸೂರೂ’ ಮಾಡುತ್ತಾರೆ. ‘ಮೈ’ಯನ್ನು ಮೂರು ಮಾತ್ರೆಗೆ ಎಳೆದರೆ ಕಿವಿಗೆ ಅಷ್ಟು ಕೆಡುಕಲ್ಲ.

ಹೀಗೆ ಸಿದ್ಧ ರಾಗಕ್ಕೆ ಹೊಸ ಮಾತು ಕೂಡಿಸಿದ್ದನ್ನು ಸೂಚಿಯಲ್ಲಿ ಹೇಳಲು ಹಳೆಯ ಪದವೇ ಇದೆ, ‘ಧಾಟಿ’. ಹಾಡಿನ ಪುಸ್ತಕಗಳು ಮೊದಲ ಸಾಲಿನ ಮೇಲೆ ‘ಇಂಥ ಹಾಡಿನ ಧಾಟಿ’ ಎಂದು ಅಚ್ಚು ಹಾಕುತ್ತಿದ್ದ ಹಾಗೆ, ಜಾಹೀರಾತು ಜಿಂಗಲ್ಲು ಜನಪ್ರಿಯ ಹಾಡಿನ ರಾಗ ಎತ್ತಿಕೊಂಡಿದ್ದರೆ ಧಾಟಿ ಎಂಬ ಕಾಲಮ್ಮಿನಲ್ಲಿ ಮೂಲ ಬರೆಯಿರಿ.

ಪ್ರಶ್ನೆ (ಬಸವನಗುಡಿ)

‘ಶ್ರುತಿ’ ಎಂಬ ಕಾಲಮ್ಮೂ ಬೇಕೆ? ಒಂದೇ ಶೀರ್ಷಿಕೆ ಸಂಗೀತ ಎರಡು ಟೇಪುಗಳಲ್ಲಿ ಬೇರೆ ಬೇರೆ ಶ್ರುತಿಯಲ್ಲಿದೆ. ಒಂದರಲ್ಲಿ ಮೊದಲ ಸ್ವರಕ್ಕೂ ಮುನ್ನ ಅದೇ ಸ್ವರ ಸಣ್ಣಗೆ ಕೇಳಿಸುತ್ತದೆ. ಅದನ್ನು ‘ಫೇಡ್ ಇನ್’ (ದನಿ ಮೆಲ್ಲಗೆ ಏರಿ ಬರುವುದು) ಎಂದು ಬರೆಯಬಹುದೆ?

ಉತ್ತರ (ಮಲ್ಲೇಶ್ವರ)

ಕಾಲಮ್ಮು ಇರಲಿ, ಆದರೆ ಟೇಪಿನ ವೇಗ ಸರಿಯಿದೆಯೇ ಎಂದು ನೋಡದೆ ತುಂಬಬೇಡಿ. ಮನೆಯ ಮುದ್ರಣಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನ ಗುಂಯ್ ಎಂಬ ಸದ್ದು ಸೇರಿಕೊಂಡಿರುತ್ತದೆ. ನಮ್ಮಲ್ಲಿ ಅದು 50 ಹರ್ಟ್ಸ್, ಅದರ ದುಪ್ಪಟ್ಟು 100 ಇನ್ನೂ ಸ್ಪಷ್ಟ. ದನಿಯ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಗಣಕದ ಸ್ಪೆಕ್ಟ್ರಮ್ ನೋಟದಲ್ಲಿ 50ರ ಬದಲು 51.5 ಕಂಡರೆ ಟೇಪು ನೂರಕ್ಕೆ ಮೂರು ಪಾಲು ವೇಗವಾಗಿ ಓಡುತ್ತಿದೆ, ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಮ್ಮಿನ ಅರ್ಧ ಮನೆ ಏರಿದೆ ಎಂದರ್ಥ. ಒಂದು ಪೂರ್ತಿ ಮನೆ ಏರಲು ನೂರಕ್ಕೆ ಆರರಷ್ಟು ಬೇಕು. ಗಣಕಕ್ಕೆ ಇಳಿಸುವ ಯಂತ್ರದ ಗುಂಯ್ ಬೇರೆ, ಟೇಪಿನೊಳಗಿನದು ಬೇರೆ. ಟೇಪು ನಿಲ್ಲಿಸಿದಾಗಲೂ ಗೆರೆ 50ರಲ್ಲೇ ನಿಂತಿದ್ದರೆ ಅದು ಯಂತ್ರದ್ದು, ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾಸೆಟ್ ಡೆಕ್ಕಿನ ಬೆಲ್ಟು ಸಡಿಲವಾಗಿದ್ದರೆ ಶ್ರುತಿ ಒಂದೇ ಕಡೆ ನಿಲ್ಲದೆ ತೂಗಾಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಬೆಲ್ಟು ಸಿಗುತ್ತದೆ, ಹಳೆಯದನ್ನು ಅಳತೆಗೆ ಒಯ್ಯಿರಿ.

ಮೊದಲೇ ಕೇಳುವ ಸಣ್ಣ ಸ್ವರ ಫೇಡ್ ಇನ್ ಅಲ್ಲ, ಪ್ರಿಂಟ್-ಥ್ರೂ. ಸುರುಳಿಯಲ್ಲಿ ಒಂದರ ಮೇಲೊಂದು ಕೂತ ಪದರಗಳಲ್ಲಿ ಜೋರು ದನಿಯ ಕಾಂತಶಕ್ತಿ ಪಕ್ಕದ ಪದರಕ್ಕೆ ಅಂಟಿದ್ದು. ಸೆಕೆಂಡಿಗೆ ಏಳೂವರೆ ಇಂಚಿನ ವೇಗದ ಏಳಿಂಚು ಸ್ಪೂಲಿನಲ್ಲಿ, ಹೊರ ಸುತ್ತಾದರೆ ಸುಮಾರು ಮೂರು ಸೆಕೆಂಡ್ ಮೊದಲು, ಒಳ ಸುತ್ತಾದರೆ ಒಂದು ಸೆಕೆಂಡ್ ಮೊದಲು ಕೇಳುತ್ತದೆ. ಮೌನದ ನಂತರ ಥಟ್ಟನೆ ಏಳುವ ಶೀರ್ಷಿಕೆ ಸಂಗೀತದಲ್ಲಿ ಇದು ಎದ್ದು ಕಾಣುತ್ತದೆ. ಟೇಪನ್ನು ತುದಿ ಹೊರಗಿರುವಂತೆ, ಅಂದರೆ ಕೊನೆ ಹೊರಕ್ಕೆ ಬರುವಂತೆ ಸುತ್ತಿಟ್ಟರೆ ಈ ನೆರಳು ಸ್ವರದ ಹಿಂದೆ ಬಿದ್ದು ಮುಚ್ಚಿಹೋಗುತ್ತದೆ.

‘ಫೇಡ್ ಇನ್’ ಎಂದೇ ಬರೆಯಬೇಕಾದ ತುಣುಕು ಬೇರೆ ಇದೆ, ಸೂಚಿಕಾರರು ಹೆಚ್ಚು ಎಡವುವುದೂ ಅಲ್ಲೇ. ಕಾರ್ಯಕ್ರಮ 7.30ಕ್ಕೆ ಸರಿಯಾಗಿ ಮುಗಿಯಬೇಕು, ಶೀರ್ಷಿಕೆ ಸಂಗೀತ 2 ನಿಮಿಷ 40 ಸೆಕೆಂಡ್ ಇದೆ ಎನ್ನಿ. 7 ಗಂಟೆ 27 ನಿಮಿಷ 20 ಸೆಕೆಂಡಿಗೆ ದನಿ ಏರಿಳಿಸುವ ಫೇಡರ್ ಮುಚ್ಚಿಟ್ಟೇ ಅದನ್ನು ಓಡಿಸಿಬಿಡುತ್ತಾರೆ. ಮಾತು 7.29.35ಕ್ಕೆ ಮುಗಿದರೆ ಆಗ ಫೇಡರ್ ಏರಿಸುತ್ತಾರೆ, ಕೊನೆಯ 25 ಸೆಕೆಂಡ್ ಮಾತ್ರ ಕೇಳಿ 7.30ಕ್ಕೆ ಸರಿಯಾಗಿ ಸಂಗೀತ ತಾನಾಗಿ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ‘ಬ್ಯಾಕ್ ಟೈಮಿಂಗ್’. ಕನ್ನಡಕ್ಕೆ ‘ಹಿಂದೆಣಿಕೆ’ ಆದೀತು, ಬಳಸಿ ನೋಡಿ. ಪ್ರಸಾರದಿಂದ ಇಳಿಸಿಕೊಂಡ ಕ್ಯಾಸೆಟ್ಟಿನಲ್ಲಿ ಇರುವುದು ಆ ಬಾಲ ಮಾತ್ರ. ಆರಂಭದ ಹದಿನೈದು ಸೆಕೆಂಡಿಗೂ ಇದಕ್ಕೂ ಒಂದು ಸ್ವರವೂ ತಾಳೆಯಾಗದೆ ಎರಡು ಬೇರೆ ಕೃತಿಗಳೆಂದು ಎರಡು ಸಂಖ್ಯೆ ಬೀಳುತ್ತವೆ. ಅದೇ ಕಾರ್ಯಕ್ರಮದ ಪೂರ್ತಿ ಸ್ಪೂಲ್ ಸಿಕ್ಕಿ ಹೋಲಿಸುವ ತನಕ ಎರಡನ್ನೂ ಒಂದೇ ಸಂಖ್ಯೆಯಡಿ ‘ಆರಂಭ’, ‘ಮುಕ್ತಾಯ (ಹಿಂದೆಣಿಕೆ)’ ಎಂದು ಇಡಿ.