ಸಹಾಯ ಬೇಕು: ಕೋಲಾರದ ಬೋರ್ ನೀರಲ್ಲಿ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದ ಕೃಷಿ), ಪಿಎಚ್ ನಿಲ್ಲುತ್ತಿಲ್ಲ

ನಮಸ್ಕಾರ. ಕೋಲಾರದ ಹತ್ತಿರ ಎನ್‌ಎಫ್‌ಟಿ ಪೈಪಿನಲ್ಲಿ (ಬೇರಿನಡಿ ಪೋಷಕಾಂಶದ ನೀರು ತೆಳುವಾಗಿ ಹರಿಯುವ ಪೈಪು) ಲೆಟ್ಯೂಸ್, 500 ಲೀಟರ್ ಟ್ಯಾಂಕ್. ಬರೀ ಬೋರ್ ನೀರಿನ ಇಸಿ (ಕರಗಿದ ಲವಣಗಳ ಅಳತೆ) 1.1, ಪಿಎಚ್ 7.9, ಪಿಎಚ್ ಏರಿಸುವ ಬೈಕಾರ್ಬೊನೇಟ್ ಲೀಟರಿಗೆ 400 ಮಿ.ಗ್ರಾಂ. ಪೋಷಕಾಂಶ ಸೇರಿಸಿ ಇಸಿ 1.7 ಮಾಡಿ ಪಿಎಚ್ 5.8ಕ್ಕೆ ಇಳಿಸಿದರೂ ಮರುದಿನಕ್ಕೆ 7 ದಾಟುತ್ತದೆ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಕಬ್ಬಿಣದ ಕೊರತೆಯೇ ಸರಿ, ಇಡಿಟಿಎ ರೂಪದ ಕಬ್ಬಿಣದ ಗೊಬ್ಬರ ಪಿಎಚ್ 6.5ರ ಮೇಲೆ ಕೈಕೊಡುತ್ತದೆ. ಹೆಚ್ಚಿನ ಪಿಎಚ್ ತಾಳುವ ಇಡಿಡಿಎಚ್‌ಎ ಕಬ್ಬಿಣ ಹಾಕಿದರೆ ಎಲೆ ಸರಿಹೋದೀತು, ಮೂಲ ಸಮಸ್ಯೆ ಹಾಗೇ ಇರುತ್ತದೆ. ಟ್ಯಾಂಕಿನ ತಳದಲ್ಲಿ ಬಿಳಿ ಗಸಿಯೂ ಕೂರುತ್ತಿದೆ.

ಪಿಎಚ್ ಇಳಿಸಲು ಬಳಸುತ್ತಿರುವುದು 85% ಫಾಸ್ಫರಿಕ್ ಆ್ಯಸಿಡ್, ಒಂದು ಟ್ಯಾಂಕಿಗೆ ಸುಮಾರು 170 ಮಿ.ಲೀ. ಲೆಕ್ಕ ಹಾಕಿದರೆ ಇದರಿಂದಲೇ ರಂಜಕ ಲೀಟರಿಗೆ 150 ಮಿ.ಗ್ರಾಂ ಆಗುತ್ತದೆ; ಬೇಕಿರುವುದು 30–50. ಗಸಿ ಬಹುಶಃ ಕ್ಯಾಲ್ಸಿಯಂ ಫಾಸ್ಫೇಟ್.

ಮಳೆನೀರು ಅಥವಾ ಆರ್‌ಒ ನೀರು ಅರ್ಧಕ್ಕರ್ಧ ಬೆರೆಸಿ, ಉಳಿದದ್ದಕ್ಕೆ ನೈಟ್ರಿಕ್ ಆ್ಯಸಿಡ್ ಬಳಸುವ ಯೋಚನೆ ಇದೆ. ಆ ಆ್ಯಸಿಡ್‌ನಿಂದಲೂ ನೈಟ್ರೇಟ್ ಸೇರುತ್ತದೆ, ಹಾಗಾಗಿ ಹಾಗೆ ಮಾಡುತ್ತಿರುವವರು ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ ಎಷ್ಟು ಕಡಿಮೆ ಮಾಡಿದಿರಿ? ಕೋಲಾರ, ಚಿಕ್ಕಬಳ್ಳಾಪುರ ಕಡೆ 60% ನೈಟ್ರಿಕ್ ಸಣ್ಣ ಕ್ಯಾನಿನಲ್ಲಿ ಸಿಗುತ್ತದೆಯೇ?

ನಿಂಬೆಹುಳಿ, ವಿನೆಗರ್ ಮಾತ್ರ ಹೇಳಬೇಡಿ ದಯವಿಟ್ಟು. ಸೂಕ್ಷ್ಮಾಣುಗಳು ಅದನ್ನು ತಿಂದು ಮುಗಿಸಿದ ಮೇಲೆ ಪಿಎಚ್ ಮತ್ತೆ ಏರುತ್ತದೆ, ಬೇರಿಗೆ ಲೋಳೆ ಬೇರೆ.