‘ಗೀಚು’ ಬೈಗುಳವೇ? ಕಂಪ್ಯೂಟರ್ ಮೇಲಿನ ಪುಟ್ಟ ಮಕ್ಕಳ ಚಿತ್ರಕ್ಕೆ ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ.

ಕೋಲಾರ ಜಿಲ್ಲೆಯ ಮಾವಿನ ಸೀಮೆ ಶ್ರೀನಿವಾಸಪುರದ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಚಿಕ್ಕ ಮಕ್ಕಳನ್ನು ಕಂಪ್ಯೂಟರ್ ಮುಂದೆ ಚಿತ್ರಕ್ಕೆ ಕೂರಿಸುತ್ತೇನೆ. ಒಂದು ಹಳೇ ಕಂಪ್ಯೂಟರ್, ಜೊತೆಗೆ ನಮ್ಮ ಮನೆಯ ಒಂದು ಟ್ಯಾಬ್. ಕಂಪ್ಯೂಟರಿನಲ್ಲಿರುವುದು ಟಕ್ಸ್ ಪೇಂಟ್. 2002ರಿಂದ ಪುಕ್ಕಟೆ ಸಿಗುತ್ತಿರುವ ತಂತ್ರಾಂಶ, 3ರಿಂದ 12 ವರ್ಷದವರಿಗೆಂದೇ ಮಾಡಿದ್ದು. ಅದರ ಗುಂಡಿಗಳಿಗೆ ನಮ್ಮ ಮಾತಿನಲ್ಲೇ ಹೆಸರು ಬರೆದು ಗೋಡೆಗೆ ಅಂಟಿಸೋಣ ಅಂತ ಕೂತೆ. ಗೆರೆ ಎಳೆಯುವ ಮೊದಲ ಗುಂಡಿಯ ಪದಕ್ಕೇ ಸಿಕ್ಕಿಹಾಕಿಕೊಂಡೆ.

ಮೂರು ವರ್ಷದ ಮಗು ಸುತ್ತು ಸುತ್ತು ಗೆರೆ ಎಳೆಯುತ್ತದಲ್ಲ, ಅದಕ್ಕೆ ಏನನ್ನುವುದು? ‘ಬಿಡಿಸು’ ಒಪ್ಪುವುದಿಲ್ಲ. ಒಗಟು ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ. ಒಳಗೆ ಏನೋ ಇದೆ, ಅದು ಹೊರಗೆ ಬರಬೇಕು. ಈ ಮಗುವಿಗೆ ಏನನ್ನೂ ಹೊರಗೆ ತರುವ ಆತುರವಿಲ್ಲ. ‘ಬರೆ’ ಅಂದರೆ ಅಪ್ಪ ಅಮ್ಮ ಅಕ್ಷರ ಹುಡುಕುತ್ತಾರೆ. ಉಳಿದದ್ದು ‘ಗೀಚು’. ಮೊನ್ನೆ ಒಬ್ಬ ತಾಯಿ ಬಂದು ಪರದೆ ನೋಡಿ, "ಸುಮ್ನೆ ಗೀಚ್ತಾ ಇದಾನೆ, ಏನಾದ್ರೂ ಬರೆಯೋಕೆ ಹೇಳಿಕೊಡಿ" ಅಂದರು. ನೋಡಿ, ಆ ‘ಸುಮ್ನೆ’ ಇಲ್ಲದೆ ‘ಗೀಚು’ ಬರುವುದೇ ಕಡಿಮೆ. ಇಲ್ಲವಾದರೆ ‘ಗೋಡೆ ಮೇಲೆ ಗೀಚಬೇಡ’.

ಆದರೆ ಆ ಕೆಲಸ ಸುಮ್ನೆ ಅಲ್ಲ. ಮಕ್ಕಳ ಚಿತ್ರಗಳನ್ನು ಹಂತ ಹಂತವಾಗಿ ವಿಂಗಡಿಸಿದ ಕಲಾಶಿಕ್ಷಕ ವಿಕ್ಟರ್ ಲೋವೆನ್‌ಫೆಲ್ಡ್ ಮೊದಲ ಹಂತ ಅಂದದ್ದು ಇದನ್ನೇ, ಸುಮಾರು 2ರಿಂದ 4 ವರ್ಷದವರೆಗೆ. ಮೊದಲು ಅಡ್ಡಾದಿಡ್ಡಿ ಗೆರೆ. ಆಮೇಲೆ ಕೈ ಹಿಡಿತಕ್ಕೆ ಬಂದು ಸುತ್ತು. ಕೊನೆಗೆ ಆ ಸುತ್ತಿಗೊಂದು ಹೆಸರು. ನಮ್ಮೂರಲ್ಲಿ ಆ ಹೆಸರು ಹೆಚ್ಚಾಗಿ ಮಾವಿನಕಾಯಿ, ಬೇರೇನಾಗಲು ಸಾಧ್ಯ!

ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು. ಆ ಮಕ್ಕಳು ‘ಬೊಮ್ಮ ಗೀಸ್ತಾ’ ಅನ್ನುತ್ತಾರೆ. ಚಿತ್ರ ಬರೆಯುತ್ತೇನೆ ಅಂತ, ಅಷ್ಟೇ. ಅದರಲ್ಲಿ ಬೈಗುಳವೇ ಇಲ್ಲ. ನಮ್ಮ ಗೀಚು, ಬೆಂಕಿಕಡ್ಡಿ ಗೀರುವ ‘ಗೀರು’, ಗೀಟು ಎಳೆಯುವ ‘ಗೀಟು’, ಅವರ ‘ಗೀ’ ಎಲ್ಲ ಒಂದೇ ಬಳ್ಳಿಯ ಕಾಯಿಗಳ ಹಾಗೆ ಕಾಣುತ್ತವೆ. ಹಾಗಾದರೆ ಗೀಚುವುದಕ್ಕೆ ಮಾತ್ರ ಕೆಟ್ಟ ಹೆಸರು ಎಲ್ಲಿಂದ ಬಂತು? ಹಳೆಯ ಬಳಕೆ ಗೊತ್ತಿರುವವರು ಹೇಳಬೇಕು.

ಇನ್ನೊಂದು ತೊಡಕು. ಗೀಚುವುದರಲ್ಲಿ ಕೆರೆತ ಇದೆ. ಬಳಪ ಒತ್ತಿದರೆ ಗೆರೆ ಗಾಢವಾಗುತ್ತದೆ, ಕರ್ ಅನ್ನುತ್ತದೆ. ಟ್ಯಾಬಿನ ಗಾಜಿನ ಮೇಲೆ ಬೆರಳು ಎಷ್ಟು ಒತ್ತಿದರೂ ನಮ್ಮ ಆಪ್‌ನಲ್ಲಿ ಗೆರೆ ಅಷ್ಟೇ. ಒಬ್ಬಳು ಹುಡುಗಿ ಅದಕ್ಕೆ ‘ಸವರೋದು’ ಅಂದಳು. ನನಗೆ ಬಹಳ ಹಿಡಿಸಿತು. ಆದರೆ ಮೌಸ್ ಹಿಡಿದವರು ಸವರುತ್ತಾರೆಯೇ?

ಬಣ್ಣದ ಗುಂಡಿಗೆ ‘ತುಂಬು’ ಸಾಕು, ಜಗಳವಿಲ್ಲ. ಗೆರೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬಣ್ಣ ಹಾಳೆಯೆಲ್ಲ ಹರಡುತ್ತದೆ. ಆಗ ಮಕ್ಕಳು ‘ಸೋರೋಯ್ತು’ ಅನ್ನುತ್ತಾರೆ. ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ಯಾವ ಸಮಿತಿಯೂ ಕೊಡಲಾರದು. ಹಿಂದಕ್ಕೆ ಹೋಗುವ (ಅನ್‌ಡೂ) ಗುಂಡಿಗೆ ಎಷ್ಟೋ ಆಪ್‌ಗಳಲ್ಲಿ ‘ರದ್ದುಗೊಳಿಸು’ ಅಂತಿರುತ್ತದೆ. ಬಸ್ಸು ರದ್ದು, ಪರೀಕ್ಷೆ ರದ್ದು, ಈಗ ಮಾವಿನಕಾಯಿಯೂ ರದ್ದು! ನಾನು ‘ವಾಪಸ್’ ಅಂತ ಬರೆದಿದ್ದೇನೆ.

ಮೊದಲ ಗುಂಡಿಯ ಚೀಟಿ ಇನ್ನೂ ಖಾಲಿ. ಧಾರವಾಡದ ಕಡೆಯವರು ‘ಚಿತ್ರ ತಗಿ’ ಅನ್ನುವುದು ಕೇಳಿದ್ದೇನೆ. ನಮ್ಮ ಕಡೆ ತೆಗೆಯುವುದು ಫೋಟೋ ಮಾತ್ರ. ಅಲ್ಲಿ ತೀರಾ ಪುಟ್ಟ ಮಕ್ಕಳ ಗೆರೆಗೂ ‘ತಗಿ’ ಬರುತ್ತದೆಯೇ? ಕರಾವಳಿಯಲ್ಲಿ ಏನನ್ನುತ್ತಾರೆ? ಬೈಗುಳವಿಲ್ಲದ ಪದ ಯಾರ ಮನೆಯಲ್ಲಾದರೂ ಬಳಕೆಯಲ್ಲಿದ್ದರೆ ತಿಳಿಸಿ. ಸಿಗದಿದ್ದರೆ ಬರುವ ಭಾನುವಾರ ‘ಗೀಚು’ ಅಂತಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸುತ್ತೇನೆ.