ಅಪ್ಪನ ಕೋವಿ ಲೈಸೆನ್ಸ್ ಇದ್ದರೆ ಗದ್ದೆಗೆ ಬರುವ ಹಂದಿ ಹೊಡೆಯಬಹುದಾ?

ಆಲೂರು ಗದ್ದೆ:
ನಮ್ಮದು ಆಲೂರು ತಾಲ್ಲೂಕು, ಸ್ವಲ್ಪ ಗದ್ದೆ, ಪಕ್ಕದಲ್ಲೇ ಕಾಫಿ. ಭತ್ತ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಇಳಿಯುತ್ತದೆ, ತಿಂದಿದ್ದಕ್ಕಿಂತ ಹೊರಳಾಡಿ ಮಲಗಿಸಿದ್ದೇ ಜಾಸ್ತಿ. ಬೆಳೆ ರಕ್ಷಣೆಗೆ ಅಂತ ಅಪ್ಪನಿಗೆ ಕೊಟ್ಟ ಕೇಪಿನ ಕೋವಿ ಮನೆಯಲ್ಲಿದೆ. ಅಪ್ಪ ಹೋದ ವರ್ಷ ತೀರಿಕೊಂಡರು. ಲೈಸೆನ್ಸಲ್ಲೇ ಬೆಳೆ ರಕ್ಷಣೆ ಅಂತ ಇರುವಾಗ ಹೊಡೆದರೆ ತಪ್ಪೇನು? ಕೇರಳದಲ್ಲಿ ಪಂಚಾಯಿತಿಯವರೇ ಹೊಡೆಸುತ್ತಾರೆ ಅಂತ ವಾಟ್ಸಾಪಲ್ಲಿ ವಿಡಿಯೋ ಬಂದಿದೆ.

ಮೂಡಿಗೆರೆ ಕಾಫಿ:
ಹಂದಿ ವಿಷಯ ಆಮೇಲೆ. ಮೊದಲು ಆ ಕೋವಿ ಮನೆಯಿಂದ ಆಚೆ ಹೋಗಬೇಕು ಮಾರಾಯ್ರೆ. ಲೈಸೆನ್ಸ್ ಇದ್ದಿದ್ದು ಅಪ್ಪನಿಗೆ, ಮನೆಗಲ್ಲ. ಈಗ ಅದು ಸುಮ್ನೆ ಅಟ್ಟದಲ್ಲಿದ್ದರೂ ಕೇಸೇ. ಸ್ಟೇಷನ್ನಿಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ತಗೊಳ್ಳಿ, ಆಮೇಲೆ ವಾರಸುದಾರ ಅಂತ ಡಿಸಿ ಆಫೀಸಲ್ಲಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ. ಕೊಡಗಿನ ನೆಂಟರು ನಮಗೆ ಲೈಸೆನ್ಸೇ ಬೇಡ ಅಂದರೆ ನಂಬಿಕೊಂಡು ಕೂರಬೇಡಿ, ಆ ವಿನಾಯಿತಿ ಕೊಡವರಿಗೆ, ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಮಾತ್ರ.

ಬಾಳ್ಳುಪೇಟೆಯವ:
ಬೆಳೆ ರಕ್ಷಣೆ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವುದಕ್ಕೆ, ಈಡು ಹಾರಿಸಿ ಓಡಿಸುವುದಕ್ಕೆ. ಹಂದಿ ಕೊಲ್ಲುವುದಕ್ಕಲ್ಲ. ಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಶೆಡ್ಯೂಲಲ್ಲಿದೆ (ಶೆಡ್ಯೂಲ್ ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿ), ಹಾಗೆ ಸೇರಿಸಿದ ತಿದ್ದುಪಡಿ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ನಿಂತ ಬೆಳೆಗೆ ಅಪಾಯ ಅಂತ ಮುಖ್ಯ ವನ್ಯಜೀವಿ ಪಾಲಕರೋ ಅವರು ಅಧಿಕಾರ ಕೊಟ್ಟ ಅಧಿಕಾರಿಯೋ ಬರೆದು ಆದೇಶ ಕೊಟ್ಟರೆ ಮಾತ್ರ ಹೊಡೆಯಬಹುದು, 11ನೇ ಸೆಕ್ಷನ್ ನೋಡಿ. ಕೇರಳ ಸರ್ಕಾರ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರಿಗೆ ಕೊಟ್ಟಿತು. ಅಲ್ಲಿನ ಆದೇಶ ಇಲ್ಲಿ ನಡೆಯಲ್ಲ. ಆದೇಶ ಇಲ್ಲದೆ ಹೊಡೆದರೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಆದೇಶ ಸಿಕ್ಕಿ ಹೊಡೆದರೂ ಬಾಡು ಸರ್ಕಾರದ್ದು (ಇದನ್ನು ಹೇಳಿದ ಮೇಲೆ ನಮ್ಮೂರಲ್ಲಿ ಅರ್ಧ ಜನಕ್ಕೆ ಬೆಳೆ ಚಿಂತೆಯೇ ಹೋಯಿತು).

ಆಲೂರು ಗದ್ದೆ:
ಪಕ್ಕದ ತೋಟದವರು ಉರುಳು ಹಾಕು ಅಂತಾರೆ, ಇಲ್ಲಾ ರಾತ್ರಿ ಹೊತ್ತು ಬೇಲಿಗೆ ಕರೆಂಟ್ ಕೊಡು ಅಂತಾರೆ.

ಮೂಡಿಗೆರೆ ಕಾಫಿ:
ಎರಡೂ ಬೇಡ. ಉರುಳಿಗೆ ಚಿರತೆ ಬಿದ್ದರೆ ಅದು ಮೊದಲನೇ ಶೆಡ್ಯೂಲ್, ಕಡಿಮೆ ಅಂದರೂ 3 ವರ್ಷ ಒಳಗೆ. ಲೈನಿಂದ ನೇರ ಕರೆಂಟ್ ಎಳೆದರೆ ನಿಮ್ಮ ಕಡೆ ಓಡಾಡುವ ಆನೆಯೂ ಸಾಯುತ್ತದೆ, ಬೆಳಿಗ್ಗೆ ಗದ್ದೆಗೆ ನೀರು ನೋಡಲು ಹೋದ ಮನುಷ್ಯನೂ ಸಾಯುತ್ತಾನೆ. ಐಬೆಕ್ಸ್ ಬೇಲಿ (ಸೋಲಾರ್ ಬೇಲಿ) ಬೇರೆ ಕಣ್ರೀ. ಬ್ಯಾಟರಿಯಿಂದ ಎನರ್ಜೈಸರ್ ಮೂಲಕ ಬಿಟ್ಟು ಬಿಟ್ಟು ಹೊಡೆತ ಬರುತ್ತದೆ, ಹೆದರಿ ಓಡುತ್ತದೆ, ಸಾಯಲ್ಲ. ಹಂದಿಗಾದರೆ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಬೇಕು, ಹಾಗಾಗಿ ಹುಲ್ಲು ತಾಗದಂತೆ ಸವರುತ್ತಲೇ ಇರಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕರೆಂಟೆಲ್ಲ ಭೂಮಿಗೆ ಹೋಗುತ್ತದೆ.

ಬಾಳ್ಳುಪೇಟೆಯವ:
ಹೋದ ಬೆಳೆಗೆ ಅರ್ಜಿ ಹಾಕಿದ್ದೀರಾ? ಪರಿಹಾರ ಆನೆಗೆ ಮಾತ್ರ ಅಂತ ಸುಮಾರು ಜನ ಸುಮ್ಮನಿರುತ್ತಾರೆ, ಹಂದಿಗೂ ಇದೆ. ಫೋಟೋ, ಪಹಣಿ, ಆಧಾರ್, ಪಾಸ್‌ಬುಕ್ ಇಟ್ಟು ಫಾರೆಸ್ಟ್‌ನವರಿಗೆ ಕೊಡಿ. ಕೊಯ್ಲು ಮುಗಿಸಿ ಹೋದರೆ ಗಾರ್ಡ್ ಬಂದು ನೋಡುವುದೇನನ್ನು? ಪಹಣಿ ಇನ್ನೂ ಅಪ್ಪನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ, ಎಲ್ಲರೂ ಸಿಕ್ಕಿಕೊಳ್ಳುವುದು ಅಲ್ಲೇ.

ಆಲೂರು ಗದ್ದೆ:
ಅಪ್ಪನ ಹೆಸರಲ್ಲೇ ಇದೆ. ಮದುವೆಯಾಗಿ ಹೋದ ಅಕ್ಕಂದಿರ ಹೆಸರೂ ಬೇಕಾ?

ಬಾಳ್ಳುಪೇಟೆಯವ:
ವಂಶವೃಕ್ಷದಲ್ಲಿ ಇರಲೇಬೇಕು. ಬಿಟ್ಟರೆ ಹಂದಿಗಿಂತ ದೊಡ್ಡ ತಕರಾರು ಬರುತ್ತದೆ.